ಕಬ್ಬಿಣ ಹಿಡಿಯುವ ಬ್ಯಾಕ್ಟೀರಿಯಾ: ನಮ್ಮ ಲ್ಯಾಬಿನ ಕೆಲಸ

ನಮ್ಮ ದೇಹಕ್ಕೆ ಕಬ್ಬಿಣ ಬೇಕು. ಆದರೆ ಜಾಸ್ತಿಯಾದದ್ದನ್ನು ಹೊರಹಾಕುವ ವ್ಯವಸ್ಥೆ ಅದಕ್ಕಿಲ್ಲ. ಉಳಿದದ್ದು ಲಿವರ್, ಹೃದಯದಲ್ಲಿ ಕೂರುತ್ತದೆ.

ಊಟದಲ್ಲಿನ ಕಬ್ಬಿಣ ರಕ್ತಕ್ಕೆ ಸೇರುವ ಮೊದಲೇ ಕರುಳಿನಲ್ಲಿ ಅದನ್ನು ಹಿಡಿದಿಡುವ ಬ್ಯಾಕ್ಟೀರಿಯಾ ತಯಾರಿಸುವುದು ನಮ್ಮ ಕೆಲಸ. ಶುರು ಮಾಡುವಾಗಲೇ ಒಂದು ಲೆಕ್ಕ ಹಾಕಿದೆವು. ಒಂದು ಯೂನಿಟ್ ರಕ್ತ ಹಾಕಿಸಿಕೊಂಡರೆ 200ರಿಂದ 250 ಮಿಲಿಗ್ರಾಂ ಕಬ್ಬಿಣ ಒಳಗೆ ಹೋಗುತ್ತದೆ. ಆರೋಗ್ಯವಂತರ ಕರುಳು ಊಟದಿಂದ ಹೀರುವುದು ದಿನಕ್ಕೆ 1–2 ಮಿಲಿಗ್ರಾಂ ಅಷ್ಟೇ. ಅಂದಮೇಲೆ ರಕ್ತದ ಜೊತೆ ಬಂದ ಕಬ್ಬಿಣಕ್ಕೆ ಕರುಳಿನ ಬ್ಯಾಕ್ಟೀರಿಯಾ ಮದ್ದಲ್ಲ, ಅದಕ್ಕೆ ಕೀಲೇಷನ್ ಔಷಧಿಯೇ (ದೇಹದೊಳಗಿನ ಕಬ್ಬಿಣವನ್ನು ಹಿಡಿದು ಹೊರಹಾಕುವ ಔಷಧಿ) ಬೇಕು. ನಮ್ಮ ಗುರಿ ಹೀಮೋಕ್ರೊಮಟೋಸಿಸ್ (ದೇಹದಲ್ಲಿ ಕಬ್ಬಿಣ ಅತಿಯಾಗಿ ಸೇರುವ ಕಾಯಿಲೆ) ಇರುವವರು, ಪದೇ ಪದೇ ರಕ್ತ ಬೇಕಾಗದ ಥಲಸೀಮಿಯಾದವರು (ಹಿಮೋಗ್ಲೋಬಿನ್ ಸರಿಯಾಗಿ ತಯಾರಾಗದ ಆನುವಂಶಿಕ ಕಾಯಿಲೆ). ಇವರಲ್ಲಿ ಕಬ್ಬಿಣ ಹೀರಿಕೆಗೆ ಕಡಿವಾಣ ಹಾಕುವ ಹೆಪ್ಸಿಡಿನ್ ಹಾರ್ಮೋನು ಕಡಿಮೆ. ಹಾಗಾಗಿ ಕರುಳು ಲಂಗುಲಗಾಮಿಲ್ಲದೆ ಕಬ್ಬಿಣ ಹೀರುತ್ತದೆ.

ನಾವು ಆರಿಸಿದ್ದು ಇ. ಕೋಲಿ ನಿಸ್ಲೆ 1917 ಎಂಬ ಕರುಳಿನ ಬ್ಯಾಕ್ಟೀರಿಯಾ. ಮೊದಲ ಮಹಾಯುದ್ಧದ ಕಾಲದಲ್ಲಿ, ಜೊತೆಯವರಿಗೆಲ್ಲ ಭೇದಿ ಹಿಡಿದರೂ ಗಟ್ಟಿಯಾಗಿದ್ದ ಸೈನಿಕನೊಬ್ಬನ ಮಲದಿಂದ ಜರ್ಮನಿಯ ವೈದ್ಯ ಆಲ್ಫ್ರೆಡ್ ನಿಸ್ಲೆ ಬೇರ್ಪಡಿಸಿದ ತಳಿ ಇದು. ಕಬ್ಬಿಣ ಹಿಡಿಯುವುದರಲ್ಲಿ ನಿಪುಣ. ಎಂಟೆರೊಬ್ಯಾಕ್ಟಿನ್, ಏರೊಬ್ಯಾಕ್ಟಿನ್ ಹೀಗೆ ಕಬ್ಬಿಣವನ್ನು ಗಟ್ಟಿಯಾಗಿ ಹಿಡಿಯುವ ನಾಲ್ಕು ಬಗೆಯ ಅಣುಗಳನ್ನು, ಅಂದರೆ ಸೈಡೆರೊಫೋರ್‌ಗಳನ್ನು ಹೊರಗೆ ಬಿಟ್ಟು ಕಬ್ಬಿಣವನ್ನು ಒಳಗೆಳೆದುಕೊಳ್ಳುತ್ತದೆ.

ತೊಡಕು ಇರುವುದು ಬೇರೆ ಕಡೆ. ಕಬ್ಬಿಣ ಸಾಕಷ್ಟಿದ್ದರೆ ಫರ್ ಎಂಬ ಪ್ರೋಟೀನು ಈ ಜೀನುಗಳನ್ನೆಲ್ಲ ಮುಚ್ಚಿಬಿಡುತ್ತದೆ. ನಮಗೆ ಕೆಲಸ ಬೇಕಾದಾಗಲೇ ಅದು ರಜೆ ಹಾಕಿದ ಹಾಗೆ! ಫರ್ ಜೀನನ್ನೇ ತೆಗೆದೆವು. ಫಲ ಸಿಕ್ಕಿತೇ ಎಂದು ಸಿಎಎಸ್ ಅಗರ್ ಪ್ಲೇಟಿನಲ್ಲಿ (ಸೈಡೆರೊಫೋರ್ ಪತ್ತೆಗೆ ಬ್ಯಾಕ್ಟೀರಿಯಾ ಬೆಳೆಸುವ ತಟ್ಟೆ) ನೋಡಿದೆವು. ಅದರ ಬಣ್ಣ ನೀಲಿ. ಸೈಡೆರೊಫೋರ್ ಆ ಬಣ್ಣದಿಂದ ಕಬ್ಬಿಣ ಕಿತ್ತುಕೊಂಡ ಕಡೆ ಕಿತ್ತಳೆ ಉಂಗುರ ಮೂಡುತ್ತದೆ. ನಮ್ಮ ತಳಿಯ ಸುತ್ತ ಉಂಗುರ ಮೂಲ ತಳಿಗಿಂತ ಎದ್ದು ಕಾಣುವಷ್ಟು ಅಗಲವಾಗಿತ್ತು. ಅಂದಹಾಗೆ, ಈ ಪ್ರಯೋಗಕ್ಕೆ ಗಾಜಿನ ಪಾತ್ರೆಗಳನ್ನು ಆಸಿಡ್‌ನಲ್ಲಿ ನೆನೆಸಿ ತೊಳೆಯಲೇಬೇಕು. ಗಾಜಿಗಂಟಿದ ಚೂರು ಕಬ್ಬಿಣವೂ ಫಲಿತಾಂಶ ಕೆಡಿಸುತ್ತದೆ. ಬೇಜಾರಿನ ಕೆಲಸ, ಆದರೆ ಬಿಡೋಕಾಗಲ್ಲ.

ಫರ್ ಸುಮ್ನೆ ಹೋಗುವುದಿಲ್ಲ. ಕಬ್ಬಿಣವನ್ನು ಕೂಡಿಡುವ ಫೆರಿಟಿನ್ ತಯಾರಾಗುವುದಕ್ಕೂ ಅದೇ ಬೇಕು. ಫರ್ ಇಲ್ಲದ ಬ್ಯಾಕ್ಟೀರಿಯಾ ಕಬ್ಬಿಣ ಎಳೆದುಕೊಳ್ಳುತ್ತದೆ, ಇಡಲು ಜಾಗವಿರುವುದಿಲ್ಲ. ಬಿಡಿ ಕಬ್ಬಿಣ ಪೆರಾಕ್ಸೈಡ್ ಜೊತೆ ಸೇರಿದರೆ ಡಿಎನ್ಎ ಹಾಳಾಗುತ್ತದೆ, ಬೆಳವಣಿಗೆಯೂ ಕುಂಟುತ್ತದೆ. ಅದಕ್ಕೆ ಫೆರಿಟಿನ್ ಜೀನನ್ನು ಫರ್ ಬೇಕಾಗದ ಬೇರೆ ಪ್ರೊಮೋಟರ್ (ಜೀನನ್ನು ಚಾಲೂ ಮಾಡುವ ಡಿಎನ್ಎ ತುಣುಕು) ಕೆಳಗೆ ಕೂರಿಸಿದೆವು. ಆಮೇಲೆ ಬೆಳವಣಿಗೆ ಸುಧಾರಿಸಿತು. ನನ್ನ ಮಟ್ಟಿಗೆ ಇಡೀ ಕೆಲಸದ ತಿರುಳು ಇದೇ. ಹಿಡಿಯುವುದು ಸುಲಭ, ಇಟ್ಟುಕೊಳ್ಳುವುದೇ ಕಷ್ಟ.

ಹೊರಗೆ ಹರಡದಿರಲಿ ಎಂದು ಡ್ಯಾಪ್‌ಎ ಜೀನನ್ನೂ ತೆಗೆದಿದ್ದೇವೆ. ಅದಿಲ್ಲದೆ ಕೋಶಗೋಡೆಗೆ ಬೇಕಾದ ಒಂದು ವಸ್ತು ತಯಾರಾಗದು, ಆ ವಸ್ತುವನ್ನು ನಾವು ಹೊರಗಿನಿಂದ ಕೊಟ್ಟರೆ ಮಾತ್ರ ಬ್ಯಾಕ್ಟೀರಿಯಾ ಬೆಳೆಯುತ್ತದೆ.

ಇನ್ನೊಂದು ತಲೆನೋವು ಬಾಕಿ ಇದೆ. ಕಬ್ಬಿಣ ಹೀರಿಕೆಯಾಗುವುದು ಹೆಚ್ಚಾಗಿ ಸಣ್ಣಕರುಳಿನ ಮೊದಲ ಭಾಗದಲ್ಲಿ, ಇ. ಕೋಲಿ ನೆಲೆಸುವುದು ದೊಡ್ಡಕರುಳಿನಲ್ಲಿ. ಅಲ್ಲಿಗೆ ತಲುಪುವಷ್ಟರಲ್ಲಿ ಕಬ್ಬಿಣ ರಕ್ತಕ್ಕೆ ಸೇರಿರುತ್ತದೆ ಅಲ್ವಾ? ಅದಕ್ಕೆ ಊಟದ ಜೊತೆಗೇ ಕೊಡುವ ಯೋಚನೆ. ಈಗ ಕೃತಕ ಕರುಳುರಸದಲ್ಲಿ, ಮೊದಲ ಗಂಟೆಯೊಳಗೆ ಎಷ್ಟು ಕಬ್ಬಿಣ ಹಿಡಿಯುತ್ತದೆ ಎಂದು ಫೆರೊಜೀನ್‌ನಿಂದ (ಕಬ್ಬಿಣದ ಜೊತೆ ಸೇರಿದರೆ ಬಣ್ಣ ಬರುವ ರಾಸಾಯನಿಕ) ಅಳೆಯುತ್ತಿದ್ದೇವೆ. ಇಲಿಗಳ ಮೇಲಿನ ಪರೀಕ್ಷೆ ಆಮೇಲೆ.