ಕಬ್ಬಿನ ಟ್ರೇಲರ್ ಬಾಲ ಬಡಿಯದಂತೆ ಎಳೆಯುವುದು ಹೇಗೆ?

ಹಂಗಾಮು ಶುರುವಾದರೆ ಸಾಕು, ಸೊಲ್ಲಾಪುರ–ವಿಜಯಪುರ ಹೆದ್ದಾರಿಯಲ್ಲಿ ಹಗಲು ರಾತ್ರಿ ಎನ್ನದೆ ಕಬ್ಬಿನ ಟ್ರ್ಯಾಕ್ಟರ್‌ಗಳದ್ದೇ ಸಾಲು. ಮಂದ್ರೂಪ, ಟಾಕಳಿ ದಾಟಿ ಭೀಮಾ ಸೇತುವೆಯ ಮೇಲೆ ಹಾದು ಧೂಳಖೇಡದ ಕಡೆ ಹೋಗುವ ಗಾಡಿಗಳನ್ನು ಹಿಂದಿನಿಂದ ನೋಡಿ. ಮುಂದಿನ ಟ್ರೇಲರ್ ನೆಟ್ಟಗೆ ಹೋಗುತ್ತಿರುತ್ತದೆ, ಹಿಂದಿನದು ಎಡಕ್ಕೆ ಬಲಕ್ಕೆ ಓಲಾಡುತ್ತಿರುತ್ತದೆ. ಕೇಳಿದರೆ ಡ್ರೈವರ್ ಹೇಳುವುದು ಒಂದೇ: ‘ಸ್ವಲ್ಪ ಬಾಲ ಬಡೀತದ್ರಿ, ಏನೂ ಆಗಲ್ಲ.’

ಆಗುತ್ತದೆ. ಆ ಬಾಲದ ಪಕ್ಕದಲ್ಲೇ ಬೈಕಿನ ಮೇಲೆ ಗಂಡ, ಹೆಂಡತಿ, ಮಗು ಹೋಗುತ್ತಿರುತ್ತಾರೆ. ಅಕ್ಕಲಕೋಟ, ಜತ್ತ, ದಕ್ಷಿಣ ಸೊಲ್ಲಾಪುರ ತಾಲ್ಲೂಕುಗಳ ನಮ್ಮ ರೈತರಿಗೂ ಟ್ರ್ಯಾಕ್ಟರ್ ಮಾಲೀಕರಿಗೂ ಮೊದಲೇ ಹೇಳಿಬಿಡುವ ಮಾತು ಒಂದಿದೆ. ಬಾಲ ಬಡಿಯುವ ರೋಗ ರಸ್ತೆಯಲ್ಲಿ ಕಾಣಿಸಿಕೊಂಡರೂ ಹುಟ್ಟುವುದು ಹೊಲದಲ್ಲಿ, ಹೇರು ಹಾಕುವಾಗ ಮತ್ತು ಪಿನ್ ಹಾಕುವಾಗ. ಅಲ್ಲಿ ತಪ್ಪಿದ್ದನ್ನು ಸ್ಟೇರಿಂಗ್ ಹಿಡಿದು ಸರಿ ಮಾಡಲು ಎಂಥಾ ಡ್ರೈವರಿಗೂ ಆಗುವುದಿಲ್ಲ.

ಯಾಕೆ ಬಡಿಯುತ್ತದೆ?

ಟ್ರೇಲರ್‌ಗೆ ಸ್ಟೇರಿಂಗ್ ಇಲ್ಲ. ಒಂದು ಪಿನ್ನಿಗೆ ಸಿಕ್ಕಿಕೊಂಡು ಹಿಂದೆ ಬರುತ್ತದೆ ಅಷ್ಟೆ. ರಸ್ತೆಯ ಗುಂಡಿ, ಅಡ್ಡಗಾಳಿ, ಪಕ್ಕದಲ್ಲಿ ಜೋರಾಗಿ ಹಾದುಹೋಗುವ ಬಸ್ಸು, ಇಷ್ಟರಲ್ಲಿ ಯಾವುದಾದರೂ ಸಾಕು ಅದನ್ನು ಒಂದು ಕಡೆ ದೂಡಲು. ಟೈರುಗಳು ಮತ್ತೆ ನಡುವಿಗೆ ಎಳೆದು ತರುತ್ತವೆ. ಆದರೆ ಟ್ರೇಲರ್ ನಡುವಿನಲ್ಲಿ ನಿಲ್ಲದೆ ಆಚೆ ಬದಿಗೂ ಹೋಗುತ್ತದೆ. ವೇಗ ಕಡಿಮೆ ಇದ್ದರೆ ಎರಡು ಮೂರು ಸಲ ಆಡಿ ತಾನೇ ನಿಲ್ಲುತ್ತದೆ. ವೇಗ ಒಂದು ಮಟ್ಟ ದಾಟಿದರೆ ಪ್ರತಿ ಸಲ ಮೊದಲಿಗಿಂತ ಜಾಸ್ತಿ ಸರಿಯುತ್ತದೆ. ಆಮೇಲೆ ಟ್ರ್ಯಾಕ್ಟರ್‌ನ ಹಿಂಭಾಗವನ್ನೇ ಎಳೆದಾಡಲು ಶುರು ಮಾಡುತ್ತದೆ.

ಆ ಮಟ್ಟ ಎಲ್ಲ ಗಾಡಿಗೂ ಒಂದೇ ಅಲ್ಲ. ಹೇರು ಹಿಂದಕ್ಕೆ ಬಿದ್ದಿದ್ದರೆ, ಟೈರಿನಲ್ಲಿ ಗಾಳಿ ಕಡಿಮೆ ಇದ್ದರೆ, ಪಿನ್ ಸವೆದಿದ್ದರೆ ಅದು ಕೆಳಗಿಳಿಯುತ್ತದೆ. ಹೋದ ವಾರ ಆರಾಮಾಗಿ ಹೋದ ವೇಗದಲ್ಲೇ ಈ ವಾರ ಟ್ರೇಲರ್ ಹುಚ್ಚೆದ್ದು ಕುಣಿಯುವುದು ಇದಕ್ಕೇ.

ಹೇರು: ಅರ್ಧಕ್ಕಿಂತ ಜಾಸ್ತಿ ಕೆಲಸ ಇಲ್ಲೇ

ಎತ್ತಿನ ಬಂಡಿ ಹೂಡಿದವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಹೇರು ಹಿಂದಾದರೆ ಮೂಕಿ ಮೇಲೆದ್ದು ಎತ್ತಿನ ಕೊರಳಿಗೆ ಬಿಗಿಯುತ್ತದೆ, ಮುಂದಾದರೆ ಹೆಗಲ ಮೇಲೆ ಕೂರುತ್ತದೆ. ಎರಡು ಗಾಲಿಯ ಟ್ರೇಲರ್‌ಗೂ ಲೆಕ್ಕ ಅದೇ. ಟ್ರೇಲರ್‌ನ ಮೂತಿ, ಅಂದರೆ ಮುಂದಿನ ತುದಿ, ಯಾವಾಗಲೂ ಟ್ರ್ಯಾಕ್ಟರ್‌ನ ಹುಕ್ಕಿನ ಮೇಲೆ ಭಾರ ಬಿಟ್ಟುಕೊಂಡೇ ಇರಬೇಕು. ಹಗುರಾಯಿತೋ, ಬಾಲ ಬಡಿಯಲು ಶುರು.

ಎಷ್ಟು ಭಾರ ಇರಬೇಕು? ಅಮೆರಿಕದಲ್ಲಿ ಕಾರು, ಪಿಕಪ್‌ಗಳ ಹಿಂದೆ ಮನೆಯಂಥ ದೊಡ್ಡ ಟ್ರೇಲರ್ ಕಟ್ಟಿಕೊಂಡು ಪ್ರವಾಸ ಹೋಗುತ್ತಾರೆ. ಅಲ್ಲಿಯ ಲೆಕ್ಕದಲ್ಲಿ ಟ್ರೇಲರ್‌ನ ಒಟ್ಟು ತೂಕದ 10ರಿಂದ 15 ಭಾಗ, ನೂರಕ್ಕೆ, ಹುಕ್ಕಿನ ಮೇಲೆ ಬೀಳಬೇಕು. ನಮ್ಮ ಎರಡು ಗಾಲಿಯ ಟ್ರೇಲರ್‌ಗೂ ಅದನ್ನೇ ಕೆಳಗಿನ ಮಟ್ಟ ಎಂದು ಇಟ್ಟುಕೊಳ್ಳಬಹುದು. ಮೇಲಿನ ಮಟ್ಟ ಟ್ರ್ಯಾಕ್ಟರ್ ಜೊತೆ ಬಂದ ಪುಸ್ತಕದಲ್ಲಿರುತ್ತದೆ, ಹುಕ್ಕು ಎಷ್ಟು ತಡೆಯುತ್ತದೆ ಎಂದು ಬರೆದಿರುತ್ತಾರೆ. ಅದನ್ನು ಮೀರಿದರೆ ಟ್ರ್ಯಾಕ್ಟರ್‌ನ ಮೂತಿ ಎದ್ದು ಸ್ಟೇರಿಂಗ್ ಹಗುರಾಗುತ್ತದೆ. ಏರಿನಲ್ಲಂತೂ ಮುಂದಿನ ಗಾಲಿ ನೆಲವನ್ನೇ ಬಿಡುತ್ತವೆ.

ಅಳೆಯಲು ಕಾರ್ಖಾನೆಯ ತೂಕದ ಕಾಟಾ ಇದ್ದೇ ಇದೆ. ಬಿಡುವಾಗಿದ್ದಾಗ ಒಂದು ಸಲ ಹೀಗೆ ಮಾಡಿ. ಬರೀ ಟ್ರ್ಯಾಕ್ಟರನ್ನು ಕಾಟಾದ ಮೇಲೆ ನಿಲ್ಲಿಸಿ ತೂಕ ಬರೆದುಕೊಳ್ಳಿ, 2,200 ಕೆ.ಜಿ. ಬಂತು ಎನ್ನೋಣ. ಆಮೇಲೆ ಹೇರು ತುಂಬಿದ ಒಂದೇ ಟ್ರೇಲರ್ ಜೋಡಿಸಿಕೊಂಡು ಬನ್ನಿ. ಟ್ರ್ಯಾಕ್ಟರ್ ಮಾತ್ರ ಕಾಟಾದ ಮೇಲಿರಲಿ, ಟ್ರೇಲರ್‌ನ ಗಾಲಿಗಳು ಹೊರಗೆ ಸಮ ನೆಲದ ಮೇಲಿರಲಿ. ಈಗ 3,100 ಬಂದರೆ ಹುಕ್ಕಿನ ಮೇಲೆ 900 ಕೆ.ಜಿ. ಇದೆ ಎಂದಾಯಿತು. ಆ ಟ್ರೇಲರ್‌ನ ಒಟ್ಟು ತೂಕ 8 ಟನ್ ಆಗಿದ್ದರೆ ನೂರಕ್ಕೆ 11 ಭಾಗ ಬಿದ್ದಿದೆ, ಸರಿಯಾಗಿದೆ. 300–400 ಮಾತ್ರ ಬಂದರೆ ಹೇರು ಹಿಂದೆ ಬಿದ್ದಿದೆ. ತುಂಬಿದ ಟ್ರೇಲರನ್ನು ಬಿಚ್ಚಿ ಮೂತಿ ತೂಗುವ ಸಾಹಸ ಮಾತ್ರ ಬೇಡ. ಹಿಂದೆ ಭಾರ ಇದ್ದರೆ ಪಿನ್ ತೆಗೆದ ಕೂಡಲೇ ಮೂತಿ ಮೇಲಕ್ಕೆ ಚಿಮ್ಮುತ್ತದೆ.

ಕಬ್ಬಿನದ್ದು ಇನ್ನೊಂದು ಗುಣ ಇದೆ. ಬುಡ ತೂಕ, ತುದಿ ಹಗುರ. ಉದ್ದಕ್ಕೆ ಜೋಡಿಸುವಾಗ ಬುಡಗಳೆಲ್ಲ ಹಿಂದಕ್ಕೆ ಬಂದರೆ ನೋಡಲು ಹೇರು ಸಮ ಕಂಡರೂ ತೂಕ ಹಿಂದೆ ಇರುತ್ತದೆ. ಹಿಂದಿನ ಬಾಗಿಲು ದಾಟಿ ಮೊಳಗಟ್ಟಲೆ ಚಾಚಿಕೊಂಡ ಕಬ್ಬು ಅದಕ್ಕೆ ಮತ್ತಷ್ಟು ಕೂಡಿಸುತ್ತದೆ. ಬೀಡ್ ಕಡೆಯಿಂದ ಬಂದ ಟೋಳಿಯವರು (ಕಬ್ಬು ಕಡಿಯುವ ಗುಂಪಿನವರು) ಬಿಸಿಲು ಏರುವುದರೊಳಗೆ ಹೇರು ಮುಗಿಸುವ ಅವಸರದಲ್ಲಿರುತ್ತಾರೆ. ಹಿಂದಿನಿಂದ ಹತ್ತಿ ಕೈಗೆ ಸಿಕ್ಕಲ್ಲಿ ಹೊರೆ ಇಳಿಸುವುದು ಸಹಜ. ತುಂಬಿದ ಮೇಲೆ ತಕರಾರು ತೆಗೆದರೆ ಯಾರು ಇಳಿಸಿ ಮತ್ತೆ ಹಾಕುತ್ತಾರೆ, ಅಲ್ವಾ? ಮೊದಲ ಹೊರೆ ಬೀಳುವ ಮುಂಚೆಯೇ ಟೋಳಿಯ ಮುಖಂಡ ಮುಕಾದಮನಿಗೆ ಹೇಳಿ: ಅಚ್ಚಿನ ಮೇಲೆ ಮತ್ತು ಅದರ ಮುಂದೆ ಜಾಸ್ತಿ, ಹಿಂದೆ ಕಡಿಮೆ. ಎಡಬಲ ಸಮ ಇರಲಿ. ಟ್ರೇಲರ್‌ನ ಬದಿಗೆ ಸುಣ್ಣದಲ್ಲಿ ಒಂದು ಗೆರೆ ಎಳೆದು ತೋರಿಸಿದರೆ ಭಾಷೆಯ ತೊಡಕೂ ಇರುವುದಿಲ್ಲ.

ಹೇರಿನ ಎತ್ತರ ಬೇರೆ ವಿಷಯ. ಎತ್ತರ ಜಾಸ್ತಿಯಾದರೆ ಟ್ರೇಲರ್ ವಾಲುತ್ತದೆ, ತಿರುವಿನಲ್ಲಿ ಮಗುಚುತ್ತದೆ. ಬಾಲ ಬಡಿಯುತ್ತಿರುವ ಟ್ರೇಲರ್ ಎತ್ತರವೂ ಇದ್ದರೆ ಎರಡೂ ಸೇರಿ ಬೇಗ ಉರುಳುತ್ತದೆ. ಹಗ್ಗ ಬಿಗಿದ ಮೇಲೆ ಒಂದೆರಡು ಕಿ.ಮೀ. ಹೋಗಿ ನಿಲ್ಲಿಸಿ, ಮತ್ತೊಮ್ಮೆ ಬಿಗಿಯಿರಿ. ಅಷ್ಟರಲ್ಲಿ ಕಬ್ಬು ಕೂತು ಹಗ್ಗ ಸಡಿಲಾಗಿರುತ್ತದೆ.

ಜೋಡಿ ಕಟ್ಟುವಾಗ

ಎರಡರಲ್ಲಿ ತೂಕದ್ದು ಟ್ರ್ಯಾಕ್ಟರ್‌ಗೆ ಹತ್ತಿರ ಇರಬೇಕು, ಹಗುರದ್ದು ಹಿಂದೆ. ಸುಲಭ ಅನ್ನಿಸುತ್ತದೆ, ಆದರೆ ಹೊಲದಲ್ಲಿ ಯಾವುದು ಮೊದಲು ತುಂಬಿತೋ ಅದನ್ನೇ ಮೊದಲು ಜೋಡಿಸಿಕೊಂಡು ಹೊರಡುವವರೇ ಜಾಸ್ತಿ.

ಎರಡೂ ಟ್ರೇಲರ್ ಎರಡು ಗಾಲಿಯವಾಗಿದ್ದರೆ ಒಂದು ಅಪಾಯ ಇದೆ, ಇದನ್ನು ಗಮನಿಸುವವರು ಕಡಿಮೆ. ಹಿಂದಿನ ಟ್ರೇಲರ್‌ನ ಮೂತಿ ಮುಂದಿನ ಟ್ರೇಲರ್‌ನ ಹಿಂಬದಿಯನ್ನು ಕೆಳಕ್ಕೆ ಒತ್ತುತ್ತದೆ. ಹಿಂಬದಿ ಕುಸಿದರೆ ಅದರ ಮೂತಿ ಏಳುತ್ತದೆ. ಕಷ್ಟಪಟ್ಟು ಹುಕ್ಕಿನ ಮೇಲೆ ಬೀಳಿಸಿದ ಭಾರವನ್ನು ಹಿಂದಿನದು ಕದ್ದುಬಿಡುತ್ತದೆ. ಹಾಗಾಗಿ ಹಿಂದೆ ಕಟ್ಟುವುದು ನಾಲ್ಕು ಗಾಲಿಯದ್ದು, ಮುಂದೆ ಟರ್ನ್‌ಟೇಬಲ್ (ಮುಂದಿನ ಅಚ್ಚು ತಿರುಗಲು ಇರುವ ಬಳೆ) ಇರುವಂಥದ್ದು ಆದರೆ ಒಳ್ಳೆಯದು. ಅದು ತನ್ನ ಭಾರವನ್ನು ತಾನೇ ಹೊರುತ್ತದೆ. ಎರಡು ಗಾಲಿಯದ್ದನ್ನೇ ಕಟ್ಟಬೇಕಾದರೆ ಮುಂದಿನ ಟ್ರೇಲರ್‌ನಲ್ಲಿ ಹೇರನ್ನು ಇನ್ನಷ್ಟು ಮುಂದಕ್ಕೆ ಹಾಕಿಸಿ. ನನ್ನನ್ನು ಕೇಳಿದರೆ ಹೆದ್ದಾರಿಗೆ ಹೋಗುವಾಗ ಎರಡು ಗಾಲಿಯದ್ದು ಒಂದೇ ಸಾಕು. ಇನ್ನೊಂದು ಟ್ರಿಪ್ಪಿನ ಡೀಸೆಲ್ ಹೋದರೆ ಹೋಗಲಿ.

ಹುಕ್ಕು, ಪಿನ್ನು, ಗಾಲಿ

ಟ್ರ್ಯಾಕ್ಟರ್‌ನ ಹುಕ್ಕಿನಿಂದ ಪಿನ್ ತೆಗೆದು ಬಟ್ಟೆಯಿಂದ ಒರೆಸಿ ನೋಡಿ. ಹೊಸ ಪಿನ್ ಮೇಲಿಂದ ಕೆಳಗಿನವರೆಗೆ ಒಂದೇ ದಪ್ಪ ಇರುತ್ತದೆ. ಹಳೆಯದರಲ್ಲಿ ಟ್ರೇಲರ್‌ನ ಕಣ್ಣು (ಪಿನ್ ತೂರಿಸುವ ಬಳೆ) ಕೂರುವ ಜಾಗ ಒಂದು ಕಡೆ ತಿಂದು ಹೋಗಿ, ಕನ್ನಡಿಯಂತೆ ಹೊಳೆಯುತ್ತಿರುತ್ತದೆ. ಅಲ್ಲಿ ಬೆರಳಾಡಿಸಿದರೆ ಗುಳಿ ಸಿಗುತ್ತದೆ. ಕಣ್ಣಿನ ತೂತೂ ಗುಂಡಗಿರದೆ ಉದ್ದಕ್ಕೆ ಸವೆದಿರುತ್ತದೆ. ಆ ಸಂದಿನಲ್ಲಿ ಟ್ರೇಲರ್ ಹಿಂದೆ ಮುಂದೆ ಗುದ್ದುತ್ತದೆ, ಪ್ರತಿ ಗುದ್ದೂ ಓಲಾಟಕ್ಕೆ ದೂಡಿಕೊಟ್ಟಂತೆ. ಪಿನ್ ಬದಲಿಸಿ, ಕಣ್ಣಿಗೆ ಗ್ಯಾರೇಜಿನಲ್ಲಿ ಬುಶ್ (ತೂತಿನೊಳಗಿನ ಲೋಹದ ಬಳೆ) ಹಾಕಿಸಿ. ಬೋಲ್ಟು, ಕಬ್ಬಿಣದ ಸಲಾಕೆ ಪಿನ್ನಿನ ಕೆಲಸ ಮಾಡುವುದಿಲ್ಲ. ಪಿನ್ ಮೇಲೆದ್ದು ಬರದಂತೆ ಕೆಳಗೆ ಕ್ಲಿಪ್ ಇರಲೇಬೇಕು. ಪಿನ್ ತುಂಡಾದರೂ ಟ್ರೇಲರ್ ತಪ್ಪಿಸಿಕೊಳ್ಳದಂತೆ ಸರಪಳಿ ಬೇರೆ ಇರಲಿ.

ಡ್ರಾಬಾರ್ (ಟ್ರ್ಯಾಕ್ಟರ್‌ನ ಹಿಂದೆ ಪಿನ್ ಹಾಕುವ ಕಬ್ಬಿಣದ ಪಟ್ಟಿ) ಎಡಬಲಕ್ಕೆ ಆಡುವಂಥದ್ದಾದರೆ ರಸ್ತೆಗೆ ಇಳಿಯುವ ಮುಂಚೆ ನಡುವಿನಲ್ಲಿ ಲಾಕ್ ಮಾಡಿ. ಪಿನ್ ಹಾಕುವ ಜಾಗ ಟ್ರ್ಯಾಕ್ಟರ್‌ನ ಹಿಂದಿನ ಅಚ್ಚಿನಿಂದ ದೂರ ಹೋದಷ್ಟೂ ಟ್ರೇಲರ್‌ಗೆ ಟ್ರ್ಯಾಕ್ಟರನ್ನು ಎಳೆದಾಡುವ ಬಲ ಹೆಚ್ಚುತ್ತದೆ. ತಿರುಗಿಸಲು ಸುಲಭ ಎಂದು ಡ್ರಾಬಾರ್‌ಗೆ ತುಂಡು ಬೆಸೆದು ಉದ್ದ ಮಾಡಿಸಬೇಡಿ.

ಟೈರಿನ ಗಾಳಿ ಬಗ್ಗೆ ಎಲ್ಲರಿಗೂ ಗೊತ್ತು, ನೋಡುವವರು ಕಡಿಮೆ. ಗಾಳಿ ಕಡಿಮೆ ಇದ್ದರೆ ಟೈರಿನ ಬದಿ ಮೆತ್ತಗಾಗಿ ಟ್ರೇಲರ್ ಅದರ ಮೇಲೇ ತೂಗುತ್ತದೆ. ಕೋಲಿನಿಂದ ಬಡಿದು ನೋಡಿದರೆ ಸಾಲದು, ಮೀಟರ್ ಹಚ್ಚಿ ನೋಡಬೇಕು. ಎರಡೂ ಬದಿ ಒಂದೇ ಇರಬೇಕು.

ಅಚ್ಚು ನೆಟ್ಟಗಿದೆಯೇ ಎಂದು ನೋಡಲು ಒಂದು ಗಟ್ಟಿ ದಾರ ಸಾಕು. ಖಾಲಿ ಟ್ರೇಲರ್‌ನ ಹುಕ್ಕಿನ ಕಣ್ಣಿಗೆ ದಾರ ಕಟ್ಟಿ ಎಡಗಾಲಿಯ ಹಬ್ಬಿನ (ಗಾಲಿಯ ನಡುಗುಂಬದ) ನಡುವಿಗೆ ಎಳೆದು ಗಂಟು ಹಾಕಿ. ಅದೇ ದಾರವನ್ನು ಬಲಗಾಲಿಗೆ ಎಳೆಯಿರಿ. ಗಂಟು ಎರಡೂ ಕಡೆ ಒಂದೇ ಜಾಗಕ್ಕೆ ಬಂದರೆ ಅಚ್ಚು ಸರಿ ಇದೆ. ವ್ಯತ್ಯಾಸ ಕಂಡರೆ ಪಟ್ಟಾದ (ಸ್ಪ್ರಿಂಗ್ ಪಟ್ಟಿಗಳ) ಯು-ಬೋಲ್ಟ್ ಸಡಿಲಾಗಿ ಅಚ್ಚು ಸರಿದಿರುತ್ತದೆ, ಇಲ್ಲವೇ ಅಚ್ಚೇ ಬಾಗಿರುತ್ತದೆ. ಹಾಗೆಯೇ ಗಾಲಿಗೆ ಜಾಕ್ ಕೊಟ್ಟು ಮೇಲೆ ಕೆಳಗೆ ಹಿಡಿದು ಅಲುಗಾಡಿಸಿ. ಆಟ ಇದ್ದರೆ ಬೇರಿಂಗ್ ನೋಡಿಸಿ. ಟರ್ನ್‌ಟೇಬಲ್ ಇರುವವರು ಅದರ ಬೋಲ್ಟುಗಳನ್ನೂ ಬಿಗಿ ಮಾಡಿಸಿಕೊಳ್ಳಿ.

ರಸ್ತೆಯಲ್ಲಿ

ಹೊರಡುವ ಮುಂಚೆ ಟ್ರ್ಯಾಕ್ಟರ್‌ನ ಎರಡೂ ಬ್ರೇಕ್ ಪೆಡಲ್‌ಗಳನ್ನು ಪಟ್ಟಿ ಹಾಕಿ ಕೂಡಿಸಿ. ಹೊಲದಲ್ಲಿ ಸಣ್ಣ ತಿರುವು ತೆಗೆಯಲು ಬಿಡಿಸಿದ್ದನ್ನು ಹಾಗೇ ಬಿಟ್ಟು ರಸ್ತೆಗೆ ಬಂದರೆ, ಬ್ರೇಕ್ ಹಾಕಿದಾಗ ಒಂದೇ ಗಾಲಿ ಹಿಡಿಯುತ್ತದೆ. ಟ್ರ್ಯಾಕ್ಟರ್ ಅಡ್ಡ ತಿರುಗುತ್ತದೆ, ಹಿಂದಿನ ಭಾರ ಅದನ್ನು ಹಾಗೇ ದೂಡುತ್ತದೆ.

ತುಂಬಿದ ಜೋಡಿ ಟ್ರೇಲರ್‌ಗೆ 20–25 ಕಿ.ಮೀ. ವೇಗ ಸಾಕು. ಇಳಿಜಾರಿನಲ್ಲಿ ಇನ್ನೂ ಕಡಿಮೆ. ಅಲ್ಲಿ ಹುಕ್ಕು ಎಳೆಯುವುದು ನಿಂತು ಟ್ರೇಲರ್ ಹಿಂದಿನಿಂದ ದೂಡಲು ಶುರು ಮಾಡುತ್ತದೆ, ಓಲಾಟ ಏಳುವುದು ಆಗಲೇ. ಇಳಿಯುವ ಮುಂಚೆಯೇ ಸಣ್ಣ ಗೇರಿಗೆ ಬನ್ನಿ. ಡೀಸೆಲ್ ಉಳಿಸಲು ನ್ಯೂಟ್ರಲ್ ಮಾಡುವವರಿದ್ದಾರೆ. ದಯವಿಟ್ಟು ಬೇಡ.

ಟೇಪಿನ ಸದ್ದನ್ನೂ ತಗ್ಗಿಸಿ. ಹುಕ್ಕು ಗುದ್ದುವ ಸದ್ದು ಮೊದಲ ಎಚ್ಚರಿಕೆ, ಡಿ.ಜೆ. ಹಾಡಿನಲ್ಲಿ ಅದು ಕೇಳುವುದೇ ಇಲ್ಲ. ಹಿಂದಿನ ಬೈಕಿನವನು ಕೂಗಿದ್ದೂ ಕೇಳುವುದಿಲ್ಲ.

ಇಷ್ಟಾಗಿಯೂ ಬಾಲ ಬಡಿಯಲು ಶುರುವಾದರೆ ಮಾಡಬೇಕಾದ್ದು ಸ್ವಲ್ಪವೇ. ಆಕ್ಸಿಲರೇಟರ್‌ನಿಂದ ಕಾಲನ್ನು ಮೆಲ್ಲಗೆ ತೆಗೆಯಿರಿ. ಸ್ಟೇರಿಂಗ್ ನೆಟ್ಟಗೆ ಗಟ್ಟಿ ಹಿಡಿಯಿರಿ. ಟ್ರೇಲರ್ ಎಡಕ್ಕೆ ಹೋಯಿತೆಂದು ಬಲಕ್ಕೆ ತಿರುಗಿಸಬೇಡಿ. ನಿಮ್ಮ ತಿರುವು ಅದಕ್ಕೆ ಮುಟ್ಟುವ ಹೊತ್ತಿಗೆ ಅದು ಆಚೆ ಬದಿಗೆ ಹೊರಟಿರುತ್ತದೆ, ಓಲಾಟ ಇನ್ನೂ ಏರುತ್ತದೆ. ಕ್ಲಚ್ ಒತ್ತಬೇಡಿ. ಬ್ರೇಕನ್ನು ಒಮ್ಮೆಲೇ ಒತ್ತಬೇಡಿ. ಬಹಳಷ್ಟು ಟ್ರೇಲರ್‌ಗಳಿಗೆ ಬ್ರೇಕೇ ಇಲ್ಲ, ಟ್ರ್ಯಾಕ್ಟರ್ ನಿಂತರೂ ಅವು ನಿಲ್ಲುವುದಿಲ್ಲ, ಮಡಚಿಕೊಂಡು ಪಕ್ಕಕ್ಕೆ ಬರುತ್ತವೆ. ಟ್ರೇಲರ್‌ಗೆ ಬೇರೆ ಬ್ರೇಕ್ ಇದ್ದರೆ ಅದನ್ನು ಮಾತ್ರ ಮೆಲ್ಲಗೆ ಹಾಕಿ. ಆಗ ಅದು ಹಿಂದಕ್ಕೆ ಜಗ್ಗಿ ನೆಟ್ಟಗಾಗುತ್ತದೆ. ಜೋರಾಗಿ ಎಳೆದರೆ ನೆಟ್ಟಗಾಗುತ್ತದೆ ಎಂಬ ಮಾತನ್ನು ನಂಬಬೇಡಿ. ಗಳಿಗೆ ಮಟ್ಟಿಗೆ ಹಾಗೆ ಕಂಡರೂ ಕೊನೆಗೆ ಮೊದಲಿಗಿಂತ ಹೆಚ್ಚಿನ ವೇಗದಲ್ಲಿ ಸಿಕ್ಕಿಬೀಳುತ್ತೀರಿ.

ವೇಗ ಇಳಿದು ಓಲಾಟ ನಿಂತ ಮೇಲೆ ಬದಿಗೆ ನಿಲ್ಲಿಸಿ, ಇಳಿದು ಹೇರು, ಪಿನ್, ಟೈರು ನೋಡಿ. ಕಣ್ಣಿಗೆ ಏನೂ ಸಿಗದಿದ್ದರೆ ಹೆಚ್ಚಾಗಿ ಹೇರಿನ ತೂಕವೇ ಹಿಂದೆ ಬಿದ್ದಿರುತ್ತದೆ. ಉಳಿದ ದಾರಿಯನ್ನು ನಡಿಗೆಯ ವೇಗಕ್ಕಿಂತ ಸ್ವಲ್ಪವೇ ಮೇಲೆ ಹೋಗಿ.

ಖಾಲಿ ಬರುವಾಗ

ಕಾಟಾ ಮುಗಿದು ಕಬ್ಬು ಇಳಿದ ಮೇಲೆ ಮನೆ ಕಡೆ ಓಟ ಜೋರಾಗುತ್ತದೆ. ಖಾಲಿ ಟ್ರೇಲರ್ ಗುಂಡಿಗೆ ಬಿದ್ದರೆ ಗಾಲಿ ನೆಲ ಬಿಟ್ಟು ಹಾರುತ್ತದೆ, ಹಾರಿದಾಗ ಹಿಡಿತ ಇರುವುದಿಲ್ಲ, ಇಳಿಯುವಾಗ ಪಕ್ಕಕ್ಕೆ ಸರಿದೇ ಇಳಿಯುತ್ತದೆ. ಖಾಲಿ ಇದ್ದರೂ ವೇಗ ಹಿಡಿತದಲ್ಲಿರಲಿ. ಕಾರ್ಖಾನೆ ಅಂಗಳದ ಸರದಿಯಲ್ಲಿ ಸುಮ್ನೆ ಕೂರುವ ಹೊತ್ತು ಬೇಕಾದಷ್ಟು ಸಿಗುತ್ತದೆ. ಬಂದು ನಿಂತ ಕೂಡಲೇ ಟ್ರೇಲರ್‌ನ ಪ್ರತಿ ಗಾಲಿಯ ಹಬ್ಬಿನ ಹತ್ತಿರ ಕೈ ಒಯ್ದು ನೋಡಿ. ಒಂದು ಮಾತ್ರ ಉಳಿದವಕ್ಕಿಂತ ಜಾಸ್ತಿ ಬಿಸಿಯಾಗಿದ್ದರೆ ಒಳಗೆ ಬೇರಿಂಗ್ ಹೋಗುತ್ತಿದೆ. ಕಬ್ಬು ಇಳಿಸಿದ ಮೇಲೆ ಆ ಟ್ರೇಲರನ್ನು ಅಲ್ಲೇ ಬದಿಗೆ ಬಿಟ್ಟು ಇನ್ನೊಂದನ್ನಷ್ಟೇ ಎಳೆದುಕೊಂಡು ಬನ್ನಿ. ಬೇರಿಂಗ್ ಹಾಕಿಸಿ, ದಾರ ಹಿಡಿದು ಅಚ್ಚು ಅಳೆದ ಮೇಲೆಯೇ ಮತ್ತೆ ಜೋಡಿಸಿ.