ರೋಗಿಯು ಮಾನವ ಕಳ್ಳಸಾಗಣೆಗೆ ಸಿಕ್ಕಿರಬಹುದೆಂಬ ಅನುಮಾನ ಬಂದಾಗ ನರ್ಸ್ ಏನು ಮಾಡಬೇಕು?

ಮಾನವ ಕಳ್ಳಸಾಗಣೆಗೆ ಸಿಕ್ಕಿದವರು ಆಸ್ಪತ್ರೆಯಲ್ಲಿ ಅದನ್ನು ತಾವಾಗಿಯೇ ಹೇಳಿಕೊಳ್ಳುವುದು ಅಪರೂಪ. ಅವರು ಬರುವುದು ಜ್ವರಕ್ಕೋ, ಗರ್ಭಪಾತಕ್ಕೋ, ಕೆಲಸದ ಜಾಗದಲ್ಲಾದ ಗಾಯಕ್ಕೋ. ಜೊತೆಗೆ ಬಂದವರೇ ಎಲ್ಲ ಪ್ರಶ್ನೆಗಳಿಗೂ ಉತ್ತರಿಸುತ್ತಿದ್ದರೆ, ರೋಗಿಯ ಆಧಾರ್ ಕಾರ್ಡ್ ಮತ್ತು ಫೋನ್ ಅವರ ಬಳಿಯೇ ಇದ್ದರೆ, ಗಾಯ ಎಷ್ಟು ಹಳೆಯದೆಂಬುದಕ್ಕೂ ಹೇಳುತ್ತಿರುವ ಕಾರಣಕ್ಕೂ ತಾಳೆಯಾಗದಿದ್ದರೆ ನರ್ಸ್ ಎಚ್ಚರಗೊಳ್ಳಬೇಕು. ಇವುಗಳಲ್ಲಿ ಯಾವುದೂ ಒಂಟಿಯಾಗಿ ಪುರಾವೆಯಲ್ಲ.

ಮೊದಲ ಕೆಲಸ ರೋಗಿಯನ್ನು ಪ್ರತ್ಯೇಕವಾಗಿ ಮಾತನಾಡಿಸುವುದು, ಕಷ್ಟದ ಕೆಲಸವೂ ಅದೇ. ಜೊತೆಯವರೊಡನೆ ವಾದಕ್ಕಿಳಿಯದೆ, ಮೂತ್ರಪರೀಕ್ಷೆ, ಎಕ್ಸ್-ರೇ, ಡ್ರೆಸ್ಸಿಂಗ್‌ನಂತಹ ದಿನನಿತ್ಯದ ಕಾರಣ ನೀಡಿ, ಒಳಗೆ ರೋಗಿಯನ್ನು ಮಾತ್ರ ಬಿಡುವುದು ಆಸ್ಪತ್ರೆಯ ಕ್ರಮವೆಂದು ಹೇಳಿದರೆ ಸಾಕು. ರೋಗಿಗೆ ಬಂಗಾಳಿಯೋ ಒಡಿಯಾವೋ ಮಾತ್ರ ಬರುತ್ತಿದ್ದಲ್ಲಿ ಜೊತೆಯವರನ್ನು ದುಭಾಷಿಯಾಗಿ ಬಳಸಬಾರದು. "ಎಲ್ಲಿ ಮಲಗುತ್ತೀರಮ್ಮ? ಬೇಕೆಂದಾಗ ಹೊರಗೆ ಹೋಗಬಹುದೇ? ಸಂಬಳ ಯಾರ ಕೈ ಸೇರುತ್ತದೆ?" ಎಂದು ಕೇಳಿ, ಬಾಯಿಬಿಡದಿದ್ದರೆ ಒತ್ತಾಯಿಸಬೇಡಿ.

ಮುಂದಿನ ಹೆಜ್ಜೆ ವಯಸ್ಸನ್ನು ಅವಲಂಬಿಸಿದೆ. ಹದಿನೆಂಟು ತುಂಬದವರ ಮೇಲೆ ಲೈಂಗಿಕ ದೌರ್ಜನ್ಯ ನಡೆದಿದೆಯೆಂಬ ಶಂಕೆಯಿದ್ದರೆ, 2012ರ ಪೋಕ್ಸೊ ಕಾಯ್ದೆಯ 19ನೇ ಕಲಮಿನಂತೆ ಪೊಲೀಸರಿಗೆ ತಿಳಿಸುವುದು ಕಡ್ಡಾಯ, ತಿಳಿಸದಿರುವುದೇ ಅಪರಾಧ. ಮಕ್ಕಳ ಸಹಾಯವಾಣಿ 1098. ವಯಸ್ಕರ ವಿಷಯದಲ್ಲಿ, ಅತ್ಯಾಚಾರದ ಸಂತ್ರಸ್ತರಿಗೆ ಖಾಸಗಿ ಆಸ್ಪತ್ರೆಯೂ ಉಚಿತವಾಗಿ ಚಿಕಿತ್ಸೆ ನೀಡಿ ಪೊಲೀಸರಿಗೆ ಮಾಹಿತಿ ನೀಡಬೇಕೆಂದು ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 397ನೇ ಕಲಮು ವಿಧಿಸುತ್ತದೆ; ಆಕೆ ದೂರು ಕೊಡಲು ಒಪ್ಪಲಿಲ್ಲವೆಂದು ಚಿಕಿತ್ಸೆ ನಿಲ್ಲಿಸುವಂತಿಲ್ಲ. ಉಳಿದ ಸಂದರ್ಭಗಳಲ್ಲಿ ವಯಸ್ಕ ರೋಗಿಯ ಇಚ್ಛೆಗೇ ಮನ್ನಣೆ ಸಲ್ಲಬೇಕು. ಮಹಿಳಾ ಸಹಾಯವಾಣಿ 181, ತುರ್ತು ಸಂಖ್ಯೆ 112 ಮತ್ತು ದೌರ್ಜನ್ಯಕ್ಕೊಳಗಾದ ಮಹಿಳೆಯರಿಗೆ ನೆರವಾಗುವ ಸಖಿ ಕೇಂದ್ರದ ವಿಷಯವನ್ನು ಬಾಯಿಮಾತಿನಲ್ಲೇ ತಿಳಿಸುವುದು ಒಳಿತು, ಏಕೆಂದರೆ ಕೈಯಲ್ಲಿಟ್ಟ ಚೀಟಿ ಜೊತೆಯವರ ಕಣ್ಣಿಗೆ ಬಿದ್ದರೆ ಏಟು ಬೀಳುವುದು ಆಕೆಗೇ.

ಕೇಸ್ ಶೀಟಿನಲ್ಲಿ ರೋಗಿಯ ಮಾತನ್ನು ಆಕೆಯದೇ ಪದಗಳಲ್ಲಿ, ಗಾಯಗಳ ಜಾಗ, ಅಳತೆ ಮತ್ತು ಬಣ್ಣಗಳೊಡನೆ ದಾಖಲಿಸಿ. ನಿಮ್ಮ ತೀರ್ಮಾನ ಅಲ್ಲಿ ಬೇಡ. ಎಂಎಲ್‌ಸಿ, ಅಂದರೆ ವೈದ್ಯಕೀಯ-ಕಾನೂನು ಪ್ರಕರಣವೆಂದು ದಾಖಲೆ, ಮಾಡುವುದು ಡ್ಯೂಟಿ ಡಾಕ್ಟರ ಹೊಣೆಯಾದರೂ, ಅವರ ಗಮನಕ್ಕೆ ತರುವುದು, ಮೈ ಒರೆಸುವ ಮುನ್ನ ಬಟ್ಟೆಗಳನ್ನು ಸಾಕ್ಷ್ಯಕ್ಕಾಗಿ ತೆಗೆದಿರಿಸುವುದು ನರ್ಸ್‌ಗೆ ಸೇರಿದ್ದು. ಪಾಳಿ ಬದಲಾಗುವಾಗ ಮುಂದಿನವರಿಗೆ ವಿಷಯವನ್ನು ಗುಟ್ಟಾಗಿ ಒಪ್ಪಿಸಿ, ಜೊತೆಯವರು ರಾತ್ರೋರಾತ್ರಿ ಡಿಸ್ಚಾರ್ಜ್ ಕೇಳಿದರೆ ಡಾಕ್ಟರು ರೋಗಿಯನ್ನು ಒಂಟಿಯಾಗಿ ಮಾತನಾಡಿಸುವವರೆಗೆ ಕಾಗದಪತ್ರಕ್ಕೆ ಸಹಿ ಪಡೆಯಬಾರದೆಂದು ತಿಳಿಸಿ.