ಸಂಬಳದ ಲಾರಿ ಬಿಟ್ಟು ಲೀಸ್ ಲಾರಿ ಹಿಡಿಯುವ ಮುನ್ನ

ಸಾರಿಗೆ ಕಂಪನಿಯಲ್ಲಿ ತಿಂಗಳ ಸಂಬಳಕ್ಕೂ ದಿನದ ಭತ್ಯೆಯಾದ ಬಾಟಾಕ್ಕೂ ಲಾರಿ ಓಡಿಸುವ ಚಾಲಕನ ಮುಂದೆ, ಇನ್ನೊಬ್ಬರ ಗಾಡಿಯನ್ನು ಲೀಸ್‌ಗೆ ಪಡೆದು ತಾನೇ ಬಾಡಿಗೆ ಹಿಡಿಯುವ ಅವಕಾಶ ಒಂದಲ್ಲ ಒಂದು ದಿನ ಬಂದೇ ಬರುತ್ತದೆ. ಹನ್ನೊಂದು ವರ್ಷ ಸಂಬಳಕ್ಕೆ ದುಡಿದು, ಆಮೇಲೆ ಹತ್ತು ಚಕ್ರದ ಲಾರಿಯೊಂದನ್ನು ಲೀಸ್‌ಗೆ ತೆಗೆದುಕೊಂಡವನಾಗಿ ಹೇಳುವುದಾದರೆ, ಈ ದಾರಿಯಲ್ಲಿ ಸೋತವರಲ್ಲಿ ಓಡಿಸಲು ಬಾರದವರು ಯಾರೂ ಇರಲಿಲ್ಲ. ಅವರು ತಪ್ಪಿದ್ದು ನಿಂತ ಲಾರಿಯ ಲೆಕ್ಕದಲ್ಲಿ.

ನವಿ ಮುಂಬೈನ ಕಳಂಬೋಲಿಯಲ್ಲಿ ಸರಕು ಇಳಿಸಿದ ಮೇಲೆ ಬೆಂಗಳೂರು ಕಡೆಗೆ ರಿಟರ್ನ್ ಲೋಡ್ ಸಿಗಲು ಮೂರು ದಿನ ಕಾಯುವುದು ನಮ್ಮ ವೃತ್ತಿಯಲ್ಲಿ ಹೊಸದೇನಲ್ಲ. ಸಂಬಳದ ದಿನಗಳಲ್ಲಿ ನಾನು ಆ ಮೂರು ದಿನ ಕ್ಯಾಬಿನ್ನಿನಲ್ಲಿ ಹಾಯಾಗಿ ಮಲಗುತ್ತಿದ್ದೆ, ಸ್ಟೌವ್ ಹಚ್ಚಿ ಅನ್ನ ಸಾರು ಮಾಡಿಕೊಳ್ಳುತ್ತಿದ್ದೆ. ಲೀಸ್ ಪಡೆದ ಮೊದಲ ತಿಂಗಳಲ್ಲಿ ಅದೇ ಜಾಗದಲ್ಲಿ ಅಷ್ಟೇ ದಿನ ನಿಂತಾಗ, ರಾತ್ರಿ ಎರಡು ಗಂಟೆಗೆ ಎದ್ದು ಟ್ರಿಪ್ ಪುಸ್ತಕದ ಹಿಂಬದಿಯಲ್ಲಿ ಪೆನ್ಸಿಲಿನಿಂದ ಕೂಡಿಸಿ ಕಳೆಯುತ್ತಿದ್ದೆ. ಆ ಲೆಕ್ಕವನ್ನು ಸಹಿ ಹಾಕುವ ಮೊದಲೇ ಮಾಡಬೇಕಿತ್ತು.

ಮೊದಲು ಎದುರಿನವರು ಯಾವ ಅರ್ಥದಲ್ಲಿ ಲೀಸ್ ಎನ್ನುತ್ತಿದ್ದಾರೆ ಎಂಬುದನ್ನು ಸ್ಪಷ್ಟಪಡಿಸಿಕೊಳ್ಳಬೇಕು, ಏಕೆಂದರೆ ಲಾರಿ ಆಫೀಸುಗಳಲ್ಲಿ ಮೂರು ಬೇರೆ ಬೇರೆ ವ್ಯವಹಾರಗಳಿಗೆ ಈ ಒಂದೇ ಪದ ಬಳಕೆಯಲ್ಲಿದೆ. ಮಾಲೀಕರಿಗೆ ಪ್ರತಿ ತಿಂಗಳು ನಿಗದಿತ ಮೊತ್ತ ಕೊಟ್ಟು ಗಾಡಿ ಓಡಿಸಿ, ಅವಧಿ ಮುಗಿದ ಮೇಲೆ ಹಿಂದಿರುಗಿಸುವುದು ಒಂದು. ಕೆಲವು ವರ್ಷ ಕಂತು ಕಟ್ಟಿದ ನಂತರ ಗಾಡಿ ನಮ್ಮ ಹೆಸರಿಗಾಗುವುದು ಇನ್ನೊಂದು. ಮೂರನೆಯದು, ಮಾಲೀಕರು ಫೈನಾನ್ಸ್‌ನಿಂದ ಪಡೆದ ಸಾಲದ ಉಳಿದ ಕಂತುಗಳನ್ನು ನಾವು ಮುಂದುವರಿಸುವುದು. ಹೆಚ್ಚಿನವರ ಪಾಲಿಗೆ ಬರುವುದೂ ಇದೇ, ಹೆಚ್ಚು ಅಪಾಯವಿರುವುದೂ ಇದರಲ್ಲೇ.

ನನ್ನ ಜೊತೆ ಕ್ಲೀನರ್ ಆಗಿ ಬಂದು ಚಾಲಕನಾದ ಹುಡುಗನೊಬ್ಬ ಇಂಥ ಗಾಡಿಯನ್ನು ಬಾಯಿಮಾತಿನ ಮೇಲೆ ಪಡೆದುಕೊಂಡಿದ್ದ. ಹದಿನಾಲ್ಕು ತಿಂಗಳು ಕಂತಿನ ಹಣವನ್ನು ಮಾಲೀಕನ ಕೈಗೆ ನಗದಾಗಿ ಕೊಟ್ಟ. ಮಾಲೀಕ ಅದರಲ್ಲಿ ಕೊನೆಯ ಐದು ಕಂತುಗಳನ್ನು ಫೈನಾನ್ಸ್‌ಗೆ ಕಟ್ಟಿರಲೇ ಇಲ್ಲ. ಒಂದು ಬೆಳಿಗ್ಗೆ ದಾವಣಗೆರೆ ಬೈಪಾಸಿನಲ್ಲಿ, ಮೇಲೆ ಹದಿನೆಂಟು ಟನ್ ಮೆಕ್ಕೆಜೋಳ ಇದ್ದಂತೆಯೇ ಗಾಡಿ ಸೀಜ್ ಆಯಿತು. ತನ್ನದೆಂದು ಹೇಳಿಕೊಳ್ಳಲು ಅವನ ಬಳಿ ಒಂದು ಚೀಟಿಯೂ ಇರಲಿಲ್ಲ.

ಆದ್ದರಿಂದ ಕಂತು ನೇರವಾಗಿ ಫೈನಾನ್ಸ್ ಖಾತೆಗೇ ನಿಮ್ಮ ಬ್ಯಾಂಕ್ ಖಾತೆಯಿಂದ ಹೋಗಬೇಕು, ಮತ್ತು ಸಾಲದ ಖಾತೆಯ ಸ್ಟೇಟ್‌ಮೆಂಟನ್ನು ಮೂರು ತಿಂಗಳಿಗೊಮ್ಮೆ ಕೇಳಿ ಪಡೆಯುವ ಹಕ್ಕು ಕರಾರಿನಲ್ಲಿ ಇರಬೇಕು. ಫೈನಾನ್ಸ್ ಕಂಪನಿಯ ಲಿಖಿತ ಒಪ್ಪಿಗೆ ಇಲ್ಲದೆ ಸಾಲದ ಗಾಡಿಯನ್ನು ಕೈ ಬದಲಾಯಿಸಿಕೊಳ್ಳಬಾರದು. ಸರ್ಕಾರದ ಎಂ ಪರಿವಾಹನ್ ಆ್ಯಪ್‌ನಲ್ಲಿ ಗಾಡಿಯ ಸಂಖ್ಯೆ ಹಾಕಿದರೆ ಎಫ್‌ಸಿ (ಗಾಡಿ ಓಡಲು ಯೋಗ್ಯವೆಂಬ ಪ್ರಮಾಣಪತ್ರ), ವಿಮೆಗಳ ಅವಧಿ ಯಾವಾಗ ಮುಗಿಯುತ್ತದೆ ಎಂಬುದು ಐದು ನಿಮಿಷದಲ್ಲಿ ಗೊತ್ತಾಗುತ್ತದೆ; ಬಾಕಿ ಇರುವ ಚಲನ್‌ಗಳನ್ನೂ ನೋಡಿಕೊಳ್ಳಿ. ಮಾಲೀಕರು ಕಾಗದ ಪತ್ರಕ್ಕೆ ಹಿಂಜರಿದರೆ, ಅದು ಅವರಿಗೂ ರಕ್ಷಣೆ ಎಂಬುದನ್ನು ವಿವರಿಸಿ: ಮೋಟಾರು ವಾಹನ ಕಾಯ್ದೆಯ ಪ್ರಕಾರ ಕಂತು ಖರೀದಿ, ಲೀಸ್ ಅಥವಾ ಹೈಪೋಥಿಕೇಶನ್ (ಗಾಡಿಯನ್ನೇ ಆಧಾರವಾಗಿಟ್ಟ ಸಾಲ) ಕರಾರಿನಡಿ ವಾಹನ ಯಾರ ವಶದಲ್ಲಿದೆಯೋ ಅವರನ್ನೇ ಮಾಲೀಕರೆಂದು ಪರಿಗಣಿಸಲಾಗುತ್ತದೆ; ಆದರೆ ಕರಾರೇ ಇಲ್ಲದೆ ಗಾಡಿ ಕೈ ಬದಲಾಗಿದ್ದರೆ, ಅಪಘಾತದ ಪರಿಹಾರದ ಹೊಣೆ ಆರ್‌ಸಿಯಲ್ಲಿ (ನೋಂದಣಿ ಪತ್ರದಲ್ಲಿ) ಹೆಸರಿರುವವರ ಮೇಲೆಯೇ ಉಳಿಯುತ್ತದೆ ಎಂದು ಸುಪ್ರೀಂ ಕೋರ್ಟ್ 2018ರಲ್ಲಿ ಸ್ಪಷ್ಟಪಡಿಸಿದೆ. ಈ ಮಾತು ಕೇಳಿದ ಮೇಲೆ ಛಾಪಾ ಕಾಗದ ತರಲು ಮಾಲೀಕರೇ ಅವಸರ ಮಾಡಿದ್ದನ್ನು ನಾನು ಕಂಡಿದ್ದೇನೆ.

ಹಳೆಯ ಗಾಡಿಯಾದರೆ ವಯಸ್ಸು ನೋಡಿ. ಬೇರೆ ರಾಜ್ಯಗಳಿಗೂ ಸರಕು ಸಾಗಿಸಲು ಬೇಕಾದ ನ್ಯಾಷನಲ್ ಪರ್ಮಿಟ್, ಮಲ್ಟಿ ಆಕ್ಸಲ್ (ಎರಡಕ್ಕಿಂತ ಹೆಚ್ಚು ಆಕ್ಸಲ್ ಇರುವ ಗಾಡಿ) ಅಲ್ಲದ ಲಾರಿಗೆ 12 ವರ್ಷದವರೆಗೆ, ಮಲ್ಟಿ ಆಕ್ಸಲ್‌ಗೆ 15 ವರ್ಷದವರೆಗೆ ಮಾತ್ರ ಸಿಗುತ್ತದೆ. ಎಂಟು ವರ್ಷ ದಾಟಿದ ಗಾಡಿಗೆ ಎಫ್‌ಸಿ ಪ್ರತಿ ವರ್ಷ ಮಾಡಿಸಬೇಕು, ಆ ದಿನಗಳಲ್ಲಿ ಗಾಡಿ ದುಡಿಯುವುದಿಲ್ಲ.

ಇನ್ನು ಲೆಕ್ಕಕ್ಕೆ ಬರೋಣ. ಇಲ್ಲಿ ಕೊಡುವ ಅಂಕಿಗಳು ದಾರಿ ತೋರಿಸಲು ಮಾತ್ರ. ನಿಮ್ಮ ಅಂಕಿಗಳನ್ನು ನೀವೇ ತುಂಬಿಕೊಳ್ಳಬೇಕು. ತಿಂಗಳ ಲೀಸ್ 45,000 ರೂಪಾಯಿ, ವಿಮೆ, ತೆರಿಗೆ, ಪರ್ಮಿಟ್, ಎಫ್‌ಸಿಗಳ ತಿಂಗಳ ಪಾಲು 11,000 ರೂಪಾಯಿ, ಮನೆಯ ಖರ್ಚು 25,000 ರೂಪಾಯಿ ಎಂದು ಹಿಡಿದರೆ ಒಟ್ಟು 81,000 ಆಗುತ್ತದೆ. ಮನೆಯ ಖರ್ಚನ್ನು ಇದರಲ್ಲಿ ಸೇರಿಸದವರೇ ಹೆಚ್ಚು. ಆದರೆ ಸಂಬಳ ನಿಂತ ಮೇಲೆ ಅಕ್ಕಿ ಬೇಳೆಯೂ ಮಕ್ಕಳ ಶಾಲೆಯ ಫೀಸೂ ಬರಬೇಕಾದದ್ದು ಈ ಲಾರಿಯಿಂದಲೇ. ಮೂವತ್ತು ದಿನಕ್ಕೆ ಹಂಚಿದರೆ ದಿನಕ್ಕೆ 2,700 ರೂಪಾಯಿ. ಚಕ್ರ ಉರುಳಲಿ, ಬಿಡಲಿ, ಈ ಮೊತ್ತ ಖರ್ಚಾಗಿಯೇ ತೀರುತ್ತದೆ.

ಓಡುವ ಖರ್ಚು ಬೇರೆ. ಲೀಟರಿಗೆ ನಾಲ್ಕು ಕಿಲೋಮೀಟರ್ ಕೊಡುವ ಗಾಡಿಗೆ, ಡೀಸೆಲ್ 90 ರೂಪಾಯಿ ಎಂದುಕೊಂಡರೆ, ಕಿಲೋಮೀಟರಿಗೆ 22 ರೂಪಾಯಿ 50 ಪೈಸೆ. ಕಂಪನಿ ಚಾಲಕರಿಗೆ ಡೀಸೆಲ್ ಲೆಕ್ಕ ಬಾಯಿಪಾಠವಾಗಿರುತ್ತದೆ, ಟೈರಿನ ಲೆಕ್ಕ ಗೊತ್ತಿರುವುದಿಲ್ಲ, ಏಕೆಂದರೆ ಟೈರು ಸವೆದಾಗ ಗ್ಯಾರೇಜಿನಲ್ಲಿ ಯಾರೋ ಬದಲಾಯಿಸಿರುತ್ತಾರೆ. ಒಂದು ಟೈರು 20,000 ರೂಪಾಯಿಯಂತೆ ಹತ್ತು ಟೈರಿಗೆ ಎರಡು ಲಕ್ಷ. ಅದು 80,000 ಕಿಲೋಮೀಟರ್ ಬಾಳಿದರೆ ಪ್ರತಿ ಕಿಲೋಮೀಟರಿಗೆ 2 ರೂಪಾಯಿ 50 ಪೈಸೆ ರಸ್ತೆಗೆ ಸವೆದುಹೋಗುತ್ತಿದೆ ಎಂದರ್ಥ. ತಿಂಗಳಿಗೆ 7,000 ಕಿಲೋಮೀಟರ್ ಓಡಿಸುವವನು 17,500 ರೂಪಾಯಿಯನ್ನು ಟೈರಿಗೆಂದೇ ಪ್ರತ್ಯೇಕ ಖಾತೆಯಲ್ಲಿ ಇಡದಿದ್ದರೆ, ಒಂದು ವರ್ಷದ ಬಳಿಕ ಟೈರು ಅಂಗಡಿಯಲ್ಲಿ ಸಾಲ ಕೇಳಬೇಕಾಗುತ್ತದೆ. ಆಯಿಲ್, ಗ್ರೀಸ್, ಬಿಎಸ್ 6 (ಹೊಸ ಹೊಗೆ ನಿಯಮದ) ಗಾಡಿಯಾದರೆ ಹೊಗೆ ಶುದ್ಧಿಗೆ ಹಾಕುವ ಯೂರಿಯಾ ದ್ರಾವಣ, ಸಣ್ಣಪುಟ್ಟ ರಿಪೇರಿ ಸೇರಿ ಇನ್ನೆರಡು ರೂಪಾಯಿ ಹಿಡಿಯಿರಿ. ಹಾಗಾದರೆ ಹೋಗಿ ಬರುವ 2,000 ಕಿಲೋಮೀಟರ್ ಟ್ರಿಪ್ಪಿಗೆ 54,000 ರೂಪಾಯಿ, ಎಂಟು ದಿನದಲ್ಲಿ ಮುಗಿಸಿದರೆ ದಿನದ ಖರ್ಚು 21,600, ಒಟ್ಟು 75,600. ಟೋಲ್, ಹಮಾಲಿ, ದಾರಿಯ ಊಟ ಇದರ ಮೇಲೆ. ಅದೇ ಟ್ರಿಪ್ಪು ಹನ್ನೊಂದು ದಿನ ಹಿಡಿದರೆ ಇನ್ನೂ 8,100 ಸೇರುತ್ತದೆ, ಬಾಡಿಗೆ ಮಾತ್ರ ಅಷ್ಟೇ ಇರುತ್ತದೆ. ಎರಡೂ ಕಡೆಯ ಬಾಡಿಗೆ ಈ ಮೊತ್ತವನ್ನು ದಾಟುವ ರೂಟು ನಿಮಗೆ ಈಗಾಗಲೇ ಗೊತ್ತಿಲ್ಲದಿದ್ದರೆ ಲೀಸ್‌ಗೆ ಕೈ ಹಾಕದಿರುವುದೇ ಲೇಸು.

ಕಂತಿನ ವ್ಯವಹಾರವಾದರೆ ಬಡ್ಡಿ ಫ್ಲಾಟ್ ದರದ್ದೋ (ಕೊನೆಯವರೆಗೂ ಮೂಲ ಸಾಲದ ಪೂರ್ತಿ ಮೊತ್ತದ ಮೇಲೆ ಹಾಕುವುದು), ಉಳಿದ ಸಾಲದ ಮೇಲಿನದೋ ಎಂದು ಕೇಳಿ ಬರೆಸಿಕೊಳ್ಳಿ. ಹತ್ತು ಲಕ್ಷ ಸಾಲಕ್ಕೆ ನಾಲ್ಕು ವರ್ಷ, ಶೇ 8 ಫ್ಲಾಟ್ ಎಂದರೆ ಬಡ್ಡಿ 3 ಲಕ್ಷ 20 ಸಾವಿರ, ಕಂತು 27,500 ರೂಪಾಯಿ. ಉಳಿದ ಸಾಲದ ಮೇಲೆ ಲೆಕ್ಕ ಹಾಕಿದರೆ ಇದು ಶೇ 14ಕ್ಕೂ ಹೆಚ್ಚಿನ ಬಡ್ಡಿ.

ಲೋಡು ಎಲ್ಲಿಂದ ಬರುತ್ತದೆ ಎಂಬ ಪ್ರಶ್ನೆಗೆ ಬಹಳ ಜನ ತಮ್ಮ ಹಳೆಯ ಕಂಪನಿಯ ಹೆಸರನ್ನೇ ಹೇಳುತ್ತಾರೆ. ಅಲ್ಲಿಯೇ ಗಾಡಿ ಅಟ್ಯಾಚ್ ಮಾಡುವುದು, ಅಂದರೆ ಅವರ ಲೋಡಿಗೆ ಗಾಡಿ ಬಿಡುವುದು, ಆರಂಭಕ್ಕೆ ಅನುಕೂಲವೇ ಸರಿ, ಆದರೆ ಒಂದೇ ಕಡೆಯ, ಒಂದೇ ಸರಕಿನ ಮೇಲೆ ನಿಂತ ಲಾರಿಯ ಗತಿ ಏನೆಂಬುದನ್ನು ಬಳ್ಳಾರಿ ತೋರಿಸಿದೆ. 2011ರ ಜುಲೈನಲ್ಲಿ ಸುಪ್ರೀಂ ಕೋರ್ಟ್ ಅಲ್ಲಿನ ಗಣಿಗಾರಿಕೆಯನ್ನು ತಡೆದಾಗ, ಅದಿರು ಸಾಗಿಸಲೆಂದೇ ಸಾಲದಲ್ಲಿ ತಂದ ಟಿಪ್ಪರುಗಳೂ ಲಾರಿಗಳೂ ಸಂಡೂರು, ಹೊಸಪೇಟೆಗಳ ಸುತ್ತ ಸಾಲುಗಟ್ಟಿ ನಿಂತವು. ಕಂತಿನ ತಾರೀಖು ನಿಲ್ಲಲಿಲ್ಲ. ಕನಿಷ್ಠ ಎರಡು ಬ್ರೋಕರ್ ಆಫೀಸು ಮತ್ತು ನೇರವಾಗಿ ಲೋಡು ಕೊಡುವ ಒಬ್ಬ ವ್ಯಾಪಾರಿ ಕೈಯಲ್ಲಿರಬೇಕು, ಜೊತೆಗೆ ಎರಡು ತಿಂಗಳ ಕಂತಿನಷ್ಟು ಹಣ ಬ್ಯಾಂಕಿನಲ್ಲಿರಬೇಕು. ಬಾಡಿಗೆಯ ಅಡ್ವಾನ್ಸ್ ಹಣ ಡೀಸೆಲ್‌ಗೇ ಮುಗಿಯುವುದರಿಂದ ಲಾಭವೆಲ್ಲ ಬ್ಯಾಲೆನ್ಸಿನಲ್ಲಿ ಕುಳಿತಿರುತ್ತದೆ, ಸರಕು ತಲುಪಿದ ಸಹಿಯ ಕಾಗದ ಒಪ್ಪಿಸುವವರೆಗೆ ಅದು ಬರುವುದಿಲ್ಲ. ಸಣ್ಣ ಉದ್ಯಮಗಳಿಗಾಗಿ ಸರ್ಕಾರ ನಡೆಸುವ ಉದ್ಯಮ್ ನೋಂದಣಿ ಉಚಿತ. ಅದನ್ನು ಮಾಡಿಸಿಕೊಂಡ ಸಣ್ಣ ಸಾಗಣೆದಾರನಿಗೆ ಬಾಕಿ ಹಣವನ್ನು 45 ದಿನದೊಳಗೆ ಕೊಡಬೇಕೆಂದು 2006ರ ಎಂಎಸ್‌ಎಂಇ ಕಾಯ್ದೆ ಹೇಳುತ್ತದೆ.

ಕಂತು ಹತ್ತಿರ ಬಂದಾಗ ಎರಡು ಟನ್ ಹೆಚ್ಚು ಹೇರುವ ಆಸೆ ಸಹಜ. ಕಂಪನಿಯಲ್ಲಿದ್ದಾಗ ದಂಡ ಅವರದು, ಈಗ ನಿಮ್ಮದು: 2019ರ ತಿದ್ದುಪಡಿಯ ನಂತರ ಕಾಯ್ದೆಯಲ್ಲಿ ಓವರ್‌ಲೋಡಿಗೆ 20,000 ರೂಪಾಯಿ, ಜೊತೆಗೆ ಹೆಚ್ಚಿನ ಪ್ರತಿ ಟನ್ನಿಗೆ 2,000 ರೂಪಾಯಿ ದಂಡವಿದೆ. ಎಷ್ಟು ಹೇರಬಹುದೆಂಬುದಕ್ಕೆ ಆರ್‌ಸಿಯಲ್ಲಿ ನಮೂದಾದ ತೂಕವೇ ಅಂತಿಮ.

ಆದಾಯ ತೆರಿಗೆಯಲ್ಲಿ, ಹತ್ತು ಲಾರಿಗಳವರೆಗೆ ಇರುವ ಮಾಲೀಕರಿಗೆ ಲೆಕ್ಕಪುಸ್ತಕವಿಲ್ಲದೆ ಅಂದಾಜು ಆದಾಯ ತೋರಿಸುವ ಅವಕಾಶವಿದೆ. 12 ಟನ್ ಮೀರಿದ ಗಾಡಿಗೆ ಒಟ್ಟು ತೂಕದ ಪ್ರತಿ ಟನ್ನಿಗೆ ತಿಂಗಳಿಗೆ 1,000 ರೂಪಾಯಿ ಆದಾಯವೆಂದು ಹಿಡಿಯುತ್ತಾರೆ. ಕಂತು ಬಾಕಿ ಇದ್ದರೂ ಕಂತಿನಲ್ಲಿ ಕೊಂಡವನನ್ನು ಇಲ್ಲಿ ಮಾಲೀಕನೆಂದೇ ಎಣಿಸುತ್ತಾರೆ. ತಿಂಗಳ ಬಾಡಿಗೆಗೆ ಮಾತ್ರ ಗಾಡಿ ಪಡೆದವನು ತನ್ನ ಲೆಕ್ಕವನ್ನು ಬಿಲ್ಲುಗಳ ಸಮೇತ ಬರೆದಿಟ್ಟುಕೊಳ್ಳಬೇಕು.

ರಾಜೀನಾಮೆ ಕೊಡುವ ದಿನಾಂಕವನ್ನೂ ಯೋಚಿಸಿ ಆರಿಸಬೇಕು. ಐದು ವರ್ಷದ ಸತತ ಸೇವೆ ತುಂಬುವ ಮೊದಲೇ ಬಿಟ್ಟರೆ ಗ್ರಾಚ್ಯುಟಿ ಕೈತಪ್ಪಬಹುದು. ಪಿಎಫ್ ಹಣವನ್ನು ಲಾರಿಯ ಮುಂಗಡಕ್ಕೆ ಹಾಕುವವರಿದ್ದಾರೆ, ನಾನಂತೂ ಬೇಡವೆನ್ನುತ್ತೇನೆ.

ಗಾಡಿ ವಶಕ್ಕೆ ಪಡೆಯುವ ದಿನ ಹಗಲಿನಲ್ಲೇ, ನಂಬಿಕೆಯ ಮೆಕ್ಯಾನಿಕ್ ಒಬ್ಬರನ್ನು ಕರೆದುಕೊಂಡು ಹೋಗಿ. ರಾತ್ರಿಯಿಡೀ ನಿಂತ ತಣ್ಣನೆಯ ಇಂಜಿನನ್ನು ನಿಮ್ಮೆದುರಿಗೇ ಚಾಲೂ ಮಾಡಿಸಿ ಹೊಗೆಯ ಬಣ್ಣ ನೋಡಿ, ಚಾಸಿಯ ಕೆಳಗೆ ಮಲಗಿ ವೆಲ್ಡಿಂಗ್ ಗುರುತುಗಳನ್ನು ಹುಡುಕಿ, ಮೀಟರಿನ ಓದು, ಬ್ಯಾಟರಿ, ಜಾಕು, ತಾಡಪಾಲು, ಹಗ್ಗಗಳ ಸ್ಥಿತಿಯನ್ನು ಫೋಟೋ ಸಮೇತ ದಾಖಲಿಸಿ. ಹತ್ತು ಟೈರು ಮತ್ತು ಸ್ಟೆಪ್ನಿಯ ಬದಿಯಲ್ಲಿ ಅಚ್ಚಾಗಿರುವ ಸಂಖ್ಯೆಗಳನ್ನು ಕರಾರಿನ ಹಿಂಬದಿಯಲ್ಲಿ ಬರೆದು ಇಬ್ಬರೂ ಸಹಿ ಮಾಡಿ. ಯಾವುದು ಹೊಸದು, ಯಾವುದು ರಿಟ್ರೆಡ್ (ಸವೆದ ಮೇಲೆ ಹೊಸ ಪದರ ಹಾಕಿಸಿದ್ದು) ಎಂಬುದೂ ಅಲ್ಲಿರಲಿ. ಗಾಡಿ ಹಿಂದಿರುಗಿಸುವಾಗ ಮುಂಗಡ ಹಣ ವಾಪಸು ಬರುವುದು ಆ ಪಟ್ಟಿಯ ಬಲದಿಂದ. ಕಂತಿನ ಗಾಡಿಯಾಗಿದ್ದರೆ, ಕೊನೆಯ ಕಂತು ತೀರಿದ ವಾರದಲ್ಲೇ ಫೈನಾನ್ಸ್‌ನಿಂದ ಎನ್‌ಒಸಿ (ಆಕ್ಷೇಪಣೆ ಇಲ್ಲವೆಂಬ ಪತ್ರ) ಪಡೆದು, ನಮೂನೆ 35ನ್ನು ಆರ್‌ಟಿಒಗೆ ಸಲ್ಲಿಸಿ ಆರ್‌ಸಿಯಿಂದ ಸಾಲದ ನಮೂದನ್ನು ತೆಗೆಸಿ, ಆನಂತರ ಆರ್‌ಸಿ, ಪರ್ಮಿಟ್, ವಿಮೆ ಮೂರನ್ನೂ ನಿಮ್ಮ ಹೆಸರಿಗೆ ವರ್ಗಾಯಿಸಿಕೊಳ್ಳಿ.